ಮೆಜೆಸ್ಟಿಕ್‌ನ ಕಪ್ಪೆಗಳು: ನಮ್ಮ ಹೈಸ್ಕೂಲ್ ಹಾಡು-ನಾಟಕದ ದಿನಚರಿ

ಜುಲೈ, ಎರಡನೇ ಶನಿವಾರ

ಬೆಂಗಳೂರಿನ ಬನಶಂಕರಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ನಾಟಕ ಮಾಡಿಸುತ್ತೇನೆ. ವಾರವೆಲ್ಲ ನನ್ನ ಕೆಲಸ ಲೆಕ್ಕಪತ್ರ. ಶನಿವಾರ ಮಾತ್ರ ಇದು.

ನವೆಂಬರ್‌ನಲ್ಲಿ ಹೈಸ್ಕೂಲುಗಳ ನಾಟಕೋತ್ಸವ ಇದೆ ಎಂದು ಹೆಡ್ ಮಿಸ್ ಕಾಗದ ತೋರಿಸಿದರು. ಒಂದು ಶಾಲೆಗೆ 40 ನಿಮಿಷ. ಸೆಟ್ ಹಾಕುವುದು, ತೆಗೆಯುವುದು ಎಲ್ಲ ಅದರೊಳಗೇ. ಮಾತಿನ ನಾಟಕವಾದರೂ ಸರಿ, ಹಾಡಿನ ನಾಟಕವಾದರೂ ಸರಿ. ಹಾಡನ್ನು ಮೊದಲೇ ರೆಕಾರ್ಡ್ ಮಾಡಿ ತಂದರೂ ಒಪ್ಪಿಗೆ. ಆ ಕೊನೆಯ ಸಾಲು ಓದಿದಾಗಲೇ ನಾನು ಹೇಳಿಬಿಟ್ಟೆ: ಹಾಡಿನ ನಾಟಕವೇ ಮಾಡೋಣ, ಆದರೆ ರೆಕಾರ್ಡ್ ಬೇಡ. ಸ್ಟುಡಿಯೋದಲ್ಲಿ ಯಾರೋ ಚೆನ್ನಾಗಿ ಹಾಡಿದ್ದಕ್ಕೆ ನಮ್ಮ ಮಕ್ಕಳು ಸುಮ್ನೆ ಬಾಯಿ ಆಡಿಸಿದರೆ, ಆ ಹಾಡು ಅವರದ್ದು ಆಗುವುದಿಲ್ಲ. ಹೆಡ್ ಮಿಸ್‌ಗೆ ಸ್ವಲ್ಪ ಅಳುಕು. ಆದರೂ ಒಪ್ಪಿದರು.

ಹತ್ತನೇ ಕ್ಲಾಸಿನವರಿಗೆ ಪರೀಕ್ಷೆಯ ಚಿಂತೆ. ಎಂಟು ಮತ್ತು ಒಂಬತ್ತರಿಂದ 22 ಮಕ್ಕಳು ಸೇರಿದ್ದಾರೆ.

ಕತೆ ಹುಡುಕಬೇಕಾಗಲಿಲ್ಲ, ತಾನಾಗಿ ಬಂತು. ಒಬ್ಬ ಹುಡುಗನ ಅಪ್ಪ ಸಿಟಿ ಬಸ್ ಕಂಡಕ್ಟರ್. ಮಳೆ ಬಂದ ರಾತ್ರಿ ಕೊನೇ ಟ್ರಿಪ್ ಮುಗಿಸಿ ಮೆಜೆಸ್ಟಿಕ್‌ನಲ್ಲಿ ಕೂತಾಗ ಕಪ್ಪೆ ಕೂಗಿದ್ದು ಕೇಳಿಸಿತಂತೆ. "ಅಷ್ಟೊಂದು ಕಾಂಕ್ರೀಟಲ್ಲಿ ಕಪ್ಪೆ ಎಲ್ಲಿಂದ ಬಂತು ಸಾರ್?" ಎಂದು ಕೇಳಿದ.

ಮೆಜೆಸ್ಟಿಕ್ ಎಂದರೆ ಕೆಂಪೇಗೌಡ ಬಸ್ ನಿಲ್ದಾಣ, ಅದು ಇರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲದಲ್ಲಿ ಪೇಟೆಯ ಜನ ಆ ಕೆರೆಯ ನೀರು ಕುಡಿದವರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆಯನ್ನು ಕೇಳುವವರು ಕಡಿಮೆಯಾದರು. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಬಂತು. ಈಗ ಸುಮಾರು 100 ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಪಂಪ್ ಮಾಡಿ ತರುತ್ತೇವೆ. ಇಷ್ಟು ಹೇಳಿದ್ದೇ ತಡ, "ಹಂಗಾದ್ರೆ ಆ ಕಪ್ಪೆ ಹಳೇ ಕಪ್ಪೆ" ಎಂದಳು ಒಬ್ಬಳು. ನಾಟಕದ ಮೊದಲ ಮಾತು ಅದೇ ಆಯಿತು.

ಕತೆ ಇಷ್ಟು. ರಾತ್ರಿ ಕೊನೇ ಬಸ್. ಪ್ಲಾಟ್‌ಫಾರ್ಮ್ ಅಡಿಯಿಂದ ಕಪ್ಪೆಗಳು ಕೂಗುತ್ತವೆ. ಹಿಂದಿನ ಕಾಲದ ಒಬ್ಬ ನೀರುಗಂಟಿ, ಕೆರೆಯಿಂದ ಗದ್ದೆಗೆ ನೀರು ಬಿಡುವವನು, ಎದ್ದು ಬಂದು, "ನನ್ನ ಕೆರೆಗೆ ಒಂದು ಟಿಕೆಟ್ ಕೊಡಿ" ಎನ್ನುತ್ತಾನೆ. ಕಂಡಕ್ಟರ್‌ಗೆ ಊರಿನ ಎಲ್ಲ ಸ್ಟಾಪೂ ಗೊತ್ತು. ಇದೊಂದು ಗೊತ್ತಿಲ್ಲ.

ಆಗಸ್ಟ್, ಮೊದಲ ವಾರ

ಮಾತು ಬರೆಯುತ್ತಿದ್ದೇವೆ. ತೂಬು, ಕೋಡಿ, ಏರಿ, ಇವು ಯಾವುವೂ ಮಕ್ಕಳಿಗೆ ಗೊತ್ತಿರಲಿಲ್ಲ. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ತಿಣುಕುತ್ತಿದ್ದೆ. ಬಿಸಿಯೂಟದ ಅಡುಗೆ ಅಕ್ಕ ಮುಳಬಾಗಿಲು ಕಡೆಯವರು. ಪಾತ್ರೆ ತೊಳೆಯುತ್ತಿದ್ದವರು ಎದ್ದು ಬಂದರು. ಅನ್ನದ ಬೋಗುಣಿಯನ್ನು ಓರೆ ಮಾಡಿ, "ಇದು ಏರಿ, ಇಲ್ಲಿ ಕೆಳಗೆ ತೂಬು, ತುಂಬಿ ಚೆಲ್ಲೋ ಜಾಗ ಕೋಡಿ" ಎಂದು ಎರಡೇ ನಿಮಿಷದಲ್ಲಿ ತೋರಿಸಿದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ, ಅವನಿಗೆ ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದರು ಎಂದೂ ಹೇಳಿದರು. ಆ ಬೋಗುಣಿ ನಾಟಕದೊಳಗೆ ಬಂದಿದೆ.

ನೀರುಗಂಟಿ ಪಾತ್ರಕ್ಕೆ ನಿಂತ ಹುಡುಗನ ಮನೆಮಾತು ಉರ್ದು. "ತೂಬು" ಎಂಬ ಪದವನ್ನು ಬಾಯೊಳಗೆ ಹೊರಳಿಸಿ ಹೊರಳಿಸಿ ಹೇಳುತ್ತಾನೆ. ಅವನು ಹೇಳಿದರೆ ಅದಕ್ಕೊಂದು ತೂಕ ಬರುತ್ತದೆ.

ಕಂಡಕ್ಟರ್ ಪಾತ್ರ ಯಾದಗಿರಿ ಹುಡುಗಿಗೆ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ತಾನು ಮಾತಾಡಿದರೆ ನಗುತ್ತಾರೆ ಎಂದು ಕ್ಲಾಸಿನಲ್ಲಿ ಬಾಯೇ ಬಿಡುತ್ತಿರಲಿಲ್ಲವಂತೆ. ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸುವುದು ಬೇಡ, ನಿನ್ನ ಮಾತಲ್ಲೇ ಹೇಳು ಎಂದೆ. "ಎಲ್ಲಿ ಇಳೀತೀರ್ರಿ? ಚಿಲ್ಲರೆ ಕೊಡ್ರಿ, ನೋಟ್ ತಗೊಂಡು ನಾ ಏನ್ ಮಾಡ್ಲಿ?" ಎಂದಳು ನೋಡಿ, ಅಲ್ಲೇ ಕಂಡಕ್ಟರ್ ಹುಟ್ಟಿಬಿಟ್ಟಳು.

ಆಗಸ್ಟ್, ಮೂರನೇ ಶನಿವಾರ

ಎಲ್ಲರನ್ನೂ ಮೆಜೆಸ್ಟಿಕ್‌ಗೆ ಕರೆದುಕೊಂಡು ಹೋಗಿದ್ದೆ. ಟ್ಯಾಂಕ್ ಬಂಡ್ ರೋಡ್ ಎಂಬ ಹೆಸರು ಅಲ್ಲಿ ಇವತ್ತಿಗೂ ಉಳಿದಿದೆ. ಎಂದರೆ ಕೆರೆ ಏರಿ ರಸ್ತೆ. ಕೆರೆ ಹೋದರೂ ಏರಿಯ ಹೆಸರು ಹೋಗಿಲ್ಲ. ಮಕ್ಕಳು ಅಲ್ಲಿ ನಿಂತು ರಸ್ತೆಯನ್ನು ನೋಡಿದ ರೀತಿಯೇ ಬೇರೆ ಇತ್ತು.

ಪ್ರತಿಯೊಬ್ಬರ ಕೈಯಲ್ಲೂ ನೋಟ್‌ಬುಕ್. ಕಂಡಕ್ಟರುಗಳು ಏನು ಕೂಗುತ್ತಾರೆ, ಹೇಗೆ ಕೂಗುತ್ತಾರೆ ಬರೆದುಕೊಳ್ಳುವುದು ಕೆಲಸ. ರೈಟ್ ರೈಟ್. ಹೋಲ್ಡಾನ್. ಒಳಗೆ ಹೋಗಿ, ಒಳಗೆ ಜಾಗ ಐತೆ. ಊರಿನ ಹೆಸರು ಕೂಗಿ ಬಸ್ಸಿನ ತಗಡಿಗೆ ಅಂಗೈಯಲ್ಲಿ ಬಡಿಯುತ್ತಾರಲ್ವಾ, ಅದು ನಮ್ಮ ಮೊದಲ ತಾಳ.

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ನನಗೆ ಈ ನಾಟಕದಲ್ಲಿ ತುಂಬ ಪ್ರೀತಿಯ ಭಾಗ ಇದು. ಮಾತ್ರೆ ಎಣಿಸಿ. ಬ-ನ-ಶಂ-ಕ-ರಿ, "ಶಂ" ಗುರು, ಅದಕ್ಕೆ ಎರಡು, ಒಟ್ಟು ಆರು. ಅದರ ಮೇಲೆ ಎರಡು ಬಡಿತ ದಬ್ ದಬ್. ಎಂಟು ಆಯಿತು, ಆದಿತಾಳ ಕೂತಿತು. ಮಲ್ಲೇಶ್ವರಕ್ಕೂ ಆರು, ಎರಡು ಬಡಿತ. ಜಯನಗರಕ್ಕೆ ಐದು, ಹೆಬ್ಬಾಳಕ್ಕೆ ಐದು, ಮೂರು ಬಡಿತ. ಯಶವಂತಪುರಕ್ಕೆ ಏಳು, ಒಂದೇ ಬಡಿತ. ಛಂದಸ್ಸಿನ ಪಾಠದಲ್ಲಿ ಲಘು ಗುರು ಹಾಕಲು ಆಕಳಿಸುವ ಮಕ್ಕಳು ಬಸ್ಸಿನ ಬೋರ್ಡುಗಳಿಗೆಲ್ಲ ಪ್ರಸ್ತಾರ ಹಾಕುತ್ತಾ ಮನೆಗೆ ಬಂದರು.

ಕಪ್ಪೆಗಳ ಹಾಡು ಏಳು ಮಾತ್ರೆಯಲ್ಲಿದೆ, ಮೂರು-ನಾಲ್ಕು, ಮಿಶ್ರಚಾಪು:

ತೂಬು ತೆಗೆಯೋ
ನೀರು ಬಿಡು ನೀ
ಗದ್ದೆ ಒಣಗಿತು
ಕಪ್ಪೆ ಕರೆದಿದೆ

ಎಂಟರ ಬಸ್ ಹಾಡಿನಿಂದ ಏಳರ ಕಪ್ಪೆ ಹಾಡಿಗೆ ಹೋಗುವುದು ಹೇಗೆ? ತುಂಬ ಒದ್ದಾಡಿದೆವು. ನಡುವೆ ನಿಲ್ಲಿಸಿದರೆ ನಾಟಕ ಬಿದ್ದುಹೋಗುತ್ತಿತ್ತು. ಕೊನೆಗೆ ದಾರಿ ತೋರಿಸಿದ್ದು ಡಬ್ಬ ಬಡಿಯುವ ಎಂಟನೇ ಕ್ಲಾಸಿನ ಹುಡುಗ. "ಸಾರ್, ಯಶವಂತಪುರಕ್ಕೆ ಒಂದೇ ಬಡಿತ. ಅದನ್ನೂ ಬಿಟ್ಟುಬಿಟ್ರೆ ಏಳೇ ಅಲ್ವಾ?"

ಹೌದಲ್ಲ! ಬಡಿತ ಬಿಟ್ಟು ಯಶವಂತಪುರ ಯಶವಂತಪುರ ಯಶವಂತಪುರ ಎಂದು ಕೂಗುತ್ತಾ ಹೋದರೆ ಏಳರ ಮೇಲೆ ಏಳು. ಒಂದೇ ತೊಡಕು. "ಯಶವಂ" ನಾಲ್ಕು, "ತಪುರ" ಮೂರು, ನಮಗೆ ಬೇಕಾದದ್ದು ಉಲ್ಟಾ. ಅದಕ್ಕೆ ಕಪ್ಪೆಗಳು "ಯ" ಮೇಲೆ ಅಲ್ಲ, "ತ" ಮೇಲೆ ಎತ್ತಿಕೊಳ್ಳುತ್ತವೆ. "ತಪುರ" ಕಡೆ "ತೂಬು", "ಯಶವಂ" ಕಡೆ "ತೆಗೆಯೋ". ಎರಡು ಗುಂಪು ಸೇರಿ ಹಾಡಿದಾಗ ಬಸ್ ಸ್ಟಾಂಡಿನ ಅಡಿಯಿಂದ ಕೆರೆ ನಿಜವಾಗಿಯೂ ಎದ್ದ ಹಾಗೆ ಕೇಳುತ್ತದೆ. ಆ ದಿನ ಹತ್ತು ಸಲ ಹಾಡಿಸಿದೆ. ಮಕ್ಕಳಿಗೂ ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ.

ಸೆಪ್ಟೆಂಬರ್

ಈ ತಿಂಗಳು ನನ್ನಿಂದ ಒಂದು ತಪ್ಪಾಯಿತು. ಹಾಡುಗಳನ್ನೆಲ್ಲ ಐದೂವರೆ ಶ್ರುತಿಯಲ್ಲಿ ಹಿಡಿದಿದ್ದೆ. ಹಳೇ ಕಂಪನಿ ನಾಟಕದ ನಟರು ಮೈಕ್ ಇಲ್ಲದೆ ಮೇಲಿನ ಶ್ರುತಿಯಲ್ಲಿ ಹಾಡಿ ಕೊನೇ ಸಾಲಿಗೆ ಮುಟ್ಟಿಸುತ್ತಿದ್ದರು ಎಂಬುದು ನನ್ನ ತಲೆಯಲ್ಲಿತ್ತು. ಆದರೆ ಅವರು ದಿನಾ ಸಾಧನೆ ಮಾಡಿದವರು, ಇವರು ಮಕ್ಕಳು. ಕಂಡಕ್ಟರ್ ಹುಡುಗಿಯ ಗಂಟಲು ಕಟ್ಟಿ ಒಂದು ವಾರ ದನಿಯೇ ಹೊರಡಲಿಲ್ಲ. ಅವಳ ಅಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಈಗ ನಾಲ್ಕೂವರೆಗೆ ಇಳಿಸಿದ್ದೇವೆ. ಕಿರುಚಾಟ ನಿಂತು ಮಾತು ಸ್ಪಷ್ಟವಾಯಿತು. ಮೈದಾನದ ಈ ತುದಿಯಲ್ಲಿ ಅವರು, ಆ ತುದಿಯಲ್ಲಿ ನಾನು. ನಡುವೆ ರಸ್ತೆಯ ಗಲಾಟೆ ಬೇರೆ. ಒಂದೊಂದು ಅಕ್ಷರವೂ ಕೇಳಿಸಿದರೆ ಕೈ ಎತ್ತುತ್ತೇನೆ.

ಒಂಬತ್ತನೇ ಕ್ಲಾಸಿನ ಐದು ಹುಡುಗರಿಗೆ ಗಂಟಲು ಒಡೆಯುತ್ತಿದೆ. ಸ್ವರ ಹಿಡಿದರೆ ಜಾರುತ್ತದೆ. ನಾಚಿಕೆಯಿಂದ ಹಿಂದೆ ನಿಲ್ಲುತ್ತಿದ್ದರು. ಆ ದನಿಯನ್ನು ಮುಚ್ಚಿಡುವುದು ಯಾಕೆ? ಅವರೇ ದೊಡ್ಡ ಕಪ್ಪೆಗಳು. ಹಾಡಬೇಕಾಗಿಲ್ಲ, ತಾಳಕ್ಕೆ ಸರಿಯಾಗಿ "ಒಟರ್ ಒಟರ್" ಎಂದರೆ ಸಾಕು. ಈಗ ಮುಂದಿನ ಸಾಲು ಅವರದ್ದು.

ಅಕ್ಟೋಬರ್, ದಸರಾ ರಜೆ

ಕಪ್ಪೆ ದನಿಗೆ ಟೀ ಅಂಗಡಿಯ ಕಾಗದದ ಲೋಟ. ತಳದಲ್ಲಿ ಸೂಜಿಯಿಂದ ತೂತು, ಒಳಗಿನಿಂದ ಹತ್ತಿ ದಾರ ತೂರಿಸಿ ತಳದ ಹೊರಗೆ ಬೆಂಕಿಕಡ್ಡಿ ತುಂಡಿಗೆ ಗಂಟು. ಬಟ್ಟೆ ಚೂರನ್ನು ಒದ್ದೆ ಮಾಡಿ ದಾರವನ್ನು ಹಿಡಿದು ಚೂರು ಚೂರೇ ಎಳೆದರೆ ಕೊಟ್ ಕೊಟ್ ಎನ್ನುತ್ತದೆ. ದಾರ ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತದೆ, ಆ ನಡುಕವನ್ನು ಲೋಟ ದೊಡ್ಡದು ಮಾಡುತ್ತದೆ. ಬಟ್ಟೆ ಒಣಗಿದರೆ ದನಿ ಇಲ್ಲ, ಜಾಸ್ತಿ ನೆನೆದರೆ ಜಾರುತ್ತದೆ. ನೈಲಾನ್ ದಾರದಲ್ಲಿ ಆಗುವುದಿಲ್ಲ. ದೊಡ್ಡ ಕಪ್ಪೆಗೆ ಇದೇ ಉಪಾಯ, ಬಣ್ಣದ ಖಾಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಬಿ.ವಿ. ಕಾರಂತರು ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿ ಸೇರಿದವರು, ಆಮೇಲೆ ಕೈಗೆ ಸಿಕ್ಕ ವಸ್ತುವಿನಿಂದೆಲ್ಲ ರಂಗಸಂಗೀತ ಮಾಡಿದರು ಎಂದು ಮಕ್ಕಳಿಗೆ ಹೇಳಿದೆ. ಮಾರನೇ ದಿನ ಮನೆಯಿಂದ ಚೊಂಬು, ಸೌಟು, ಹಪ್ಪಳದ ಡಬ್ಬ ಎಲ್ಲ ಬಂತು!

ಸೆಟ್ ಎಂದರೆ ಮೂರೇ ಸಾಮಾನು. ಬಸ್ಸಿನ ಪಕ್ಕೆಗೆ ಆರಡಿ ಪ್ಲೈವುಡ್, ಅದರ ಹಿಂದೆ ಬಡಿಯಲು ಎಣ್ಣೆ ಡಬ್ಬಗಳು, ಮತ್ತೆ ಕೆರೆ. ಕೆರೆಗೆ ಅಮ್ಮಂದಿರು ಏಳು ಹಳೇ ಸೀರೆ ಕೊಟ್ಟರು. ನೀಲಿ ಬೇಡ ಎಂದಿದ್ದೆ. ಹಸಿರು, ಕಂದು, ಕೆಸರಿನ ಬಣ್ಣವೇ ಆಯ್ದೆವು. ಸೀರೆಗಳನ್ನು ಉದ್ದುದ್ದಕ್ಕೆ ಜೋಡಿಸಿ ಹೊಲಿದು, ಹಿಂಬದಿಗೆ ಚಿಕ್ಕಪೇಟೆಯಿಂದ ತಂದ ಕರಿ ಬಟ್ಟೆ ಹಾಕಿ, ಅದರ ಮೇಲೆ ಬಿಳಿ ಪಟ್ಟೆ ಎಳೆದೆವು. ನಾಟಕದುದ್ದಕ್ಕೂ ಅದು ನೆಲದ ಮೇಲೆ ರಸ್ತೆ. ಕೊನೆಯಲ್ಲಿ ಮಕ್ಕಳೆಲ್ಲ ಅಂಚು ಹಿಡಿದು ಎತ್ತಿ ಮಗುಚಿದರೆ ಕೆರೆ.

ನವೆಂಬರ್, ಎರಡನೇ ವಾರ

ಜೆ.ಪಿ. ನಗರದ ರಂಗಶಂಕರಕ್ಕೆ ಒಂದು ನಾಟಕ ನೋಡಲು ಹೋಗಿದ್ದೆವು. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ಶುರುವಾದ ಜಾಗ. ಅಲ್ಲಿ ಹೇಳಿದ ಹೊತ್ತಿಗೆ ಬಾಗಿಲು ಮುಚ್ಚುತ್ತಾರೆ, ತಡವಾದರೆ ಒಳಗೆ ಬಿಡುವುದಿಲ್ಲ. ನಮ್ಮ ಮಕ್ಕಳು ಮುಕ್ಕಾಲು ಗಂಟೆ ಮೊದಲೇ ಹೋಗಿ ಕೂತಿದ್ದರು. ಬೆಳಕು ಆರಿದಾಗ ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.

ರನ್‌ಥ್ರೂ ಈಗ 36 ನಿಮಿಷ. ಬಟ್ಟೆ ಮಗುಚಲು 50 ಸೆಕೆಂಡ್ ಆಗುತ್ತಿದೆ, ಅದು ಜಾಸ್ತಿ. ಅಷ್ಟು ಹೊತ್ತು ಹಾಡಿನಲ್ಲಿ ಹೊಸ ಮಾತಿಲ್ಲ.

ನವೆಂಬರ್, ಉತ್ಸವದ ಮಾರನೇ ದಿನ

ನಮ್ಮದು ಮಧ್ಯಾಹ್ನದ ಊಟದ ನಂತರದ ಸರದಿ. ಬೆಳಗ್ಗೆಯಿಂದ ಬೇರೆ ಶಾಲೆಗಳದ್ದು ನೋಡಿದೆವು. ಒಂದು ಶಾಲೆಯವರು ರೆಕಾರ್ಡ್ ಹಾಡಿಗೆ ತುಂಬ ಚೆನ್ನಾಗಿ ಕುಣಿದರು. ಒಂದೇ ಒಂದು ಹೆಜ್ಜೆ ತಪ್ಪಲಿಲ್ಲ. ಆದರೆ ಮಾತಿಗೆ ಬಂದಾಗ ಆ ಮಕ್ಕಳ ದನಿ ಹಾಡಿನ ದನಿಗಿಂತ ಸಣ್ಣದಾಗಿ ಕೇಳಿಸಿತು. ಅಷ್ಟು ಚೆಂದ ಕುಣಿಯುವ ಮಕ್ಕಳು ಖಂಡಿತ ಹಾಡುತ್ತಿದ್ದರು, ಯಾರಾದರೂ ಹಾಡಿಸಬೇಕಿತ್ತು.

ಇನ್ನೊಂದು ಶಾಲೆಯ ಆರು ಹುಡುಗಿಯರು ಆರು ಸ್ಟೀಲ್ ತಟ್ಟೆ ಬಿಟ್ಟು ಬೇರೇನೂ ತಂದಿರಲಿಲ್ಲ. ತಟ್ಟೆಯೇ ಒಲೆ, ತಟ್ಟೆಯೇ ಕಿಟಕಿ, ತಟ್ಟೆಯೇ ಚಂದ್ರ. ಒಬ್ಬ ಅಜ್ಜಿ ಸತ್ತ ಮನೆಯ ಒಂದು ರಾತ್ರಿಯ ಕತೆ. ಕೊನೆಯಲ್ಲಿ ಒಂದು ತಟ್ಟೆಯನ್ನು ಬೋರಲು ಹಾಕಿ ಐದೇ ತಟ್ಟೆಗೆ ಬಡಿಸಿದರು. ನನ್ನ ಪಕ್ಕ ಕೂತ ನಮ್ಮ ನೀರುಗಂಟಿ ಅಳುತ್ತಿದ್ದ. ಮೊದಲ ಬಹುಮಾನ ಅವರಿಗೇ ಬಂತು, ಬರಬೇಕಾದದ್ದೇ.

ನಮ್ಮ ನಾಟಕ 38 ನಿಮಿಷಕ್ಕೆ ಮುಗಿಯಿತು. ಮೊದಲ ಬಡಿತ ನೆಲದ ಮೈಕಿಗೆ ಪಟಾಕಿ ಹೊಡೆದ ಹಾಗೆ ಕೇಳಿತು. ಡಬ್ಬದ ಹುಡುಗ ತಾನೇ ಒಂದಡಿ ಹಿಂದೆ ಸರಿದು ಬೆರಳಲ್ಲಿ ಬಡಿಯತೊಡಗಿದ, ಯಾರೂ ಹೇಳಿಕೊಟ್ಟಿರಲಿಲ್ಲ. ಯಶವಂತಪುರ ಬಂತು. ನಾನು ಸೈಡ್ ವಿಂಗ್‌ನಲ್ಲಿ ಬೆರಳು ಎಣಿಸುತ್ತಾ ನಿಂತಿದ್ದೆ. "ತ" ಮೇಲೆ ಹನ್ನೊಂದು ಕಪ್ಪೆಗಳೂ ಒಟ್ಟಿಗೆ ಎತ್ತಿಕೊಂಡವು. ಒಂದು ಮೂಲೆಯಲ್ಲಿ ಬಟ್ಟೆ ಡಬ್ಬಕ್ಕೆ ಸಿಕ್ಕಿಕೊಂಡಿತು. ಕಂಡಕ್ಟರ್ ಹುಡುಗಿ "ಸ್ವಲ್ಪ ಸರೀರಿ, ಕೆರಿ ಬರ್ಲಾಕತ್ತೈತಿ" ಎಂದು ಹೇಳಿ ಬಿಡಿಸಿದಳು. ಆ ಮಾತು ನಾಟಕದಲ್ಲಿ ಇರಲಿಲ್ಲ. ಇನ್ನು ಮೇಲೆ ಇರುತ್ತದೆ.

ಸಂಗೀತಕ್ಕೆ ಎರಡನೇ ಬಹುಮಾನ ಬಂತು. ಐದು ದೊಡ್ಡ ಕಪ್ಪೆಗಳೇ ವೇದಿಕೆಗೆ ಹೋಗಿ ತೆಗೆದುಕೊಂಡರು.

ಡಿಸೆಂಬರ್, ಮೊದಲ ಶನಿವಾರ

ಉತ್ಸವ ಕೆಲಸದ ದಿನ ಇದ್ದದ್ದರಿಂದ ಅಮ್ಮಂದಿರಲ್ಲಿ ನಾಲ್ಕೇ ಜನ ಬರಲು ಆಯಿತು. ಅದಕ್ಕೆ ಮುಂದಿನ ಭಾನುವಾರ ಸಂಜೆ ಐದಕ್ಕೆ ಶಾಲೆಯ ಅಂಗಳದಲ್ಲೇ ಇನ್ನೊಂದು ಪ್ರದರ್ಶನ. ಅಡುಗೆ ಅಕ್ಕ ಬೋಗುಣಿಯನ್ನು ತಾವೇ ಹೊತ್ತು ತರುತ್ತಾರಂತೆ.

ಲೋಟಗಳ ತಳ ಮೆತ್ತಗಾಗಿದೆ, ಹೊಸದಾಗಿ ಆರು ಮಾಡಬೇಕು. ಒಬ್ಬ ಹುಡುಗನ ಅಕ್ಕನ ಮದುವೆ ಗೊತ್ತಾಗಿ, ಅವರ ಅಮ್ಮ ಕೊಟ್ಟ ಹಸಿರು ಸೀರೆ ವಾಪಸ್ ಬೇಕಾಯಿತು. ಏರಿ ಕಡೆಯಿಂದ ಮೂರನೇ ಪಟ್ಟಿ ಅದು. ನಿನ್ನೆ ಹೊಲಿಗೆ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿಸಿ ಕೊಟ್ಟು ಬಂದೆವು. ಕೆರೆಯ ನಡುವೆ ಈಗ ಅಷ್ಟಗಲ ಜಾಗ ಖಾಲಿ ಇದೆ. ಹಸಿರಾದರೂ ಸರಿ, ಕಂದಾದರೂ ಸರಿ, ಐದೂವರೆ ಮೀಟರ್‌ನ ಹಳೇ ಸೀರೆ ಒಂದು ಬೇಕು.