ಬೆಳಗಿನ ಜಾವದ ನಾತ

ಆ ಅಮ್ಮ ಒಂದು ನೋಟ್‌ಬುಕ್ ಇಟ್ಟಿದ್ದರು. ಎಡಗಡೆ ತಾರೀಕು, ಪಕ್ಕದಲ್ಲಿ ಹೊತ್ತು, ಅದರ ಮುಂದೆ ಒಂದೆರಡು ಪದ. 'ಕೊಳೆತ ಮೊಟ್ಟೆ.' 'ತಲೆನೋವು.' 'ಕಿಟಕಿ ಮುಚ್ಚಿದೆ.' ಪುಟ ಮಗುಚಿದ ಹಾಗೆಲ್ಲ ತಾರೀಕು ಬದಲಾಗುತ್ತಿತ್ತು, ಹೊತ್ತು ಮಾತ್ರ ಹೆಚ್ಚುಕಡಿಮೆ ಅದೇ. ಬೆಳಗಿನ ಜಾವ ನಾಲ್ಕೂವರೆಯಿಂದ ಆರು.

"ನೀವು ಬರೋದು ಹನ್ನೊಂದು ಗಂಟೆಗೆ ಅಲ್ವಾಪ್ಪಾ? ಆ ಹೊತ್ತಿಗೆ ನಮ್ಮನೇಲೂ ಏನೂ ಇರಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಅವರ ಮನೆ ಹಿಂದೆ ಸ್ವಲ್ಪ ದೂರದಲ್ಲೇ ಕೊಳಚೆ ನೀರು ಶುದ್ಧ ಮಾಡುವ ಘಟಕ. ಅಲ್ಲಿಂದ ಎಷ್ಟು ವಾಸನೆ ಹೊರಬರುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಅದಕ್ಕೂ ಮೊದಲು ಎರಡು ಸಲ ಹೋಗಿ ಅಳೆದಿದ್ದೆ. ಎರಡು ಸಲವೂ ಅಂಥ ದೊಡ್ಡ ಅಂಕಿ ಬಂದಿರಲಿಲ್ಲ. ಎರಡು ಸಲವೂ ಹೋಗಿದ್ದು ಹನ್ನೊಂದು ಗಂಟೆಗೇ. ಆ ಪುಸ್ತಕ ನೋಡಿದ ಮೇಲೆ ನನಗೆ ಸಂಕಟವಾಯಿತು. ನನ್ನ ಅಂಕಿಗಳಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಹೊತ್ತು.

ಘಟಕದ ಆಪರೇಟರ್ ಒಳ್ಳೆಯ ಮನುಷ್ಯ. ಎದೆ ಮೇಲೆ ಸಿಕ್ಕಿಸಿಕೊಂಡಿದ್ದ ಗ್ಯಾಸ್ ಮೀಟರ್ ತೋರಿಸಿ, "ನೋಡಿ ಸರ್, ಯಾವಾಗಲೂ ಸೊನ್ನೆ. ನಂಗೂ ಏನೂ ವಾಸನೆ ಬರ್ತಿಲ್ಲ" ಅಂದರು. ಅವರು ಹೇಳಿದ್ದು ನಿಜವೇ. ಆದರೆ ಆ ಮೀಟರ್ ಇರುವುದು ಜೀವ ಉಳಿಸಲು. ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ನಾತದ ವಿಷಾನಿಲ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿನ ಆಸುಪಾಸಿಗೆ ಬಂದಾಗ ಅದು ಅಂಕಿ ತೋರಿಸಲು ಶುರು ಮಾಡುತ್ತದೆ. ಮನುಷ್ಯರ ಮೂಗು ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯುತ್ತದೆ. ಮೀಟರ್ ಸೊನ್ನೆ ಅಂದಾಗಲೂ ಪಕ್ಕದ ಮನೆಯಲ್ಲಿ ನಿದ್ದೆ ಕೆಡಬಹುದು. ಇನ್ನು ಆಪರೇಟರ್ ಮೂಗು. ದಿನವಿಡೀ ಅದೇ ಗಾಳಿಯಲ್ಲಿದ್ದರೆ ಯಾರ ಮೂಗೂ ಅದಕ್ಕೆ ಒಗ್ಗಿಹೋಗುತ್ತದೆ. ನನಗೂ ಅರ್ಧ ಗಂಟೆ ಸಾಕು. ಅದಕ್ಕೇ ಅಲ್ಲಿ ನಿಂತು ನನ್ನ ಮೂಗಿನಿಂದ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಈ ಅನಿಲ ತುಂಬಾ ಜಾಸ್ತಿಯಾದರಂತೂ ಮೂಗು ಪೂರ್ತಿ ಸತ್ತುಹೋಗುತ್ತದೆ, ವಾಸನೆ ನಿಂತಿತು ಅನ್ನಿಸುತ್ತದೆ. ಹಾಗಾಗಿ ಆ ಮೀಟರ್ ಇಲ್ಲದೆ ನಾನು ಯಾವ ತೊಟ್ಟಿಯ ಹತ್ತಿರವೂ ಹೋಗುವುದಿಲ್ಲ.

ಮಾರನೇ ವಾರ ನಾಲ್ಕು ಗಂಟೆಗೇ ಗೇಟಿನ ಹತ್ತಿರ ನಿಂತಿದ್ದೆ. ಕತ್ತಲು, ಚಳಿ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಭಾರವಾಗಿ ಕೂತಿರುತ್ತದೆ. ಮೇಲಿನ ಗಾಳಿಯ ಜೊತೆ ಬೆರೆಯುವುದಿಲ್ಲ. ಹೊರಟ ವಾಸನೆ ಮೇಲಕ್ಕೆ ಏರದೆ ನೆಲ ಹಿಡಿದುಕೊಂಡೇ ಹರಿಯುತ್ತದೆ. ಬಿಸಿಲೇರಿದ ಮೇಲೆ ನೆಲ ಕಾದು, ಗಾಳಿ ಕದಡಿ, ಅದೇ ವಾಸನೆ ತೆಳುವಾಗಿ ಚದುರಿಹೋಗುತ್ತದೆ.

ಆದರೆ ಗಾಳಿಯೊಂದೇ ಕಾರಣ ಆಗಿರಲಿಲ್ಲ. ನಾಲ್ಕೂವರೆ ಸುಮಾರಿಗೆ ಒಂದು ಪಂಪು ಶುರುವಾಯಿತು. ಆಪರೇಟರ್‌ನ ಕೇಳಿದೆ. "ಅದಾ ಸರ್? ಸ್ಲಡ್ಜ್ ತೊಟ್ಟಿ ಮೇಲಿನ ನೀರು. ರಾತ್ರಿ ಪಾಳಿ ಮುಗಿಯೋ ಮುಂಚೆ ವಾಪಸ್ ಇನ್‌ಲೆಟ್‌ಗೆ ಬಿಟ್ಟುಬಿಡ್ತೀವಿ." ಇನ್‌ಲೆಟ್ ಅಂದರೆ ಕೊಳಚೆ ನೀರು ಘಟಕದೊಳಗೆ ಬರುವ ಚೇಂಬರು. ಸ್ಲಡ್ಜ್ ಅಂದರೆ ಕೆಳಗೆ ಕೂತ ಗಸಿ. ಅದು ಗಾಳಿಯಿಲ್ಲದೆ ಇಡೀ ದಿನ ಕೂತರೆ, ಅದರೊಳಗಿನ ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ನೀರು ಸುಮ್ನೆ ನಿಂತಿರುವಾಗ ಅದರಲ್ಲಿ ಬಹುಪಾಲು ನೀರಿನಲ್ಲೇ ಇರುತ್ತದೆ. ಅದೇ ನೀರು ಎತ್ತರದಿಂದ ಧುಮುಕಿ ಚಿಮ್ಮಿತು ಅಂದರೆ ಸಲ್ಫೈಡ್ ಅನಿಲವಾಗಿ ಹೊರಗೆ ಬರುತ್ತದೆ. ಇಲ್ಲಿ ಪೈಪಿನ ಬಾಯಿಂದ ಚೇಂಬರಿನ ನೀರಿಗೆ ಒಂದಾಳೆತ್ತರ ಇತ್ತು. ಧೋ ಅಂತ ಬೀಳುತ್ತಿತ್ತು.

ಚೇಂಬರಿಗೆ ಮುಚ್ಚಳ ಇತ್ತು, ಗಾಳಿ ಹೊರಹೋಗಲು ಒಂದು ದಪ್ಪ ಪೈಪೂ ಇತ್ತು. ಸ್ಯಾಂಪಲ್ ತೆಗೆದಿದ್ದು ಅಲ್ಲಿಂದಲೇ. ಬಿಗಿಯಾಗಿ ಮುಚ್ಚುವ ಒಂದು ಡಬ್ಬಿಯೊಳಗೆ ತೆಳುವಾದ ಪ್ಲಾಸ್ಟಿಕ್ ಚೀಲ ಇಡುತ್ತೇವೆ. ಚೀಲದ ಕೊಳವೆ ಹೊರಗೆ, ವಾಸನೆಯ ಗಾಳಿಯಲ್ಲಿ. ಪಂಪು ಎಳೆಯುವುದು ಡಬ್ಬಿಯೊಳಗಿನ ಗಾಳಿಯನ್ನು, ಚೀಲದ್ದನ್ನಲ್ಲ. ಡಬ್ಬಿ ಖಾಲಿಯಾಗುತ್ತಾ ಬಂದ ಹಾಗೆ ಚೀಲ ನಿಧಾನಕ್ಕೆ ಉಬ್ಬುತ್ತದೆ, ನಾವು ಉಸಿರು ಒಳಗೆಳೆದಾಗ ಎದೆ ಉಬ್ಬುವ ಹಾಗೆ. ಸ್ಯಾಂಪಲ್ ಪಂಪಿನೊಳಗೆ ಹೋಗುವುದೇ ಇಲ್ಲ, ಹಾಗಾಗಿ ಪಂಪಿನ ವಾಸನೆ ಅದಕ್ಕೆ ಹತ್ತುವುದಿಲ್ಲ. ಮೊದಲ ಸಲ ತುಂಬಿದ್ದನ್ನು ಹೊರಗೆ ಬಿಟ್ಟು, ಎರಡನೇ ಸಲ ತುಂಬಿದ್ದನ್ನು ಇಟ್ಟುಕೊಂಡೆ. ಟಾರ್ಚ್ ಬೆಳಕಲ್ಲಿ ಚೀಲದ ಒಳಗೋಡೆ ಮೇಲೆ ಸಣ್ಣ ಹನಿಗಳು ಕಂಡವು. ಹನಿ ಕಟ್ಟಿದರೆ ಸ್ಯಾಂಪಲ್ ಕೆಡುತ್ತದೆ, ವಾಸನೆಯ ಒಂದಷ್ಟು ಪಾಲು ಆ ನೀರಿಗೇ ಸೇರಿಬಿಡುತ್ತದೆ. ಆ ಚೀಲ ಬಿಟ್ಟೆ. ಹನಿ ಕಟ್ಟದಿರಲಿ ಅಂತ, ವಾಸನೆಯಿಲ್ಲದ ಒಣ ನೈಟ್ರೋಜನ್ ಸ್ವಲ್ಪ ಅಳೆದು ತುಂಬಿಸಿದ ಇನ್ನೊಂದು ಚೀಲದಲ್ಲಿ ಸ್ಯಾಂಪಲ್ ತೆಗೆದುಕೊಂಡೆ. ಅಷ್ಟರಲ್ಲಿ ಐದೂವರೆ. ಪೈಪಿನ ಬಾಯಲ್ಲಿ ಗಾಳಿಯ ವೇಗವನ್ನೂ ಬರೆದುಕೊಂಡೆ.

ಆ ವೇಗ ಬೇಕೇ ಬೇಕು. ವಾಸನೆ ಎಷ್ಟು ಗಟ್ಟಿ ಅನ್ನುವುದು ಅರ್ಧ ಮಾತು. ಅದು ಎಷ್ಟು ಗಾಳಿಯ ಜೊತೆ ಹೊರಡುತ್ತದೆ ಅನ್ನುವುದು ಇನ್ನರ್ಧ. ವಾಸನೆಯನ್ನು ಯೂನಿಟ್‌ಗಳಲ್ಲಿ ಅಳೆಯುತ್ತೇವೆ, ಹೇಗೆ ಅಂತ ಮುಂದೆ ಹೇಳುತ್ತೇನೆ. ಘನ ಮೀಟರಿಗೆ 5000 ಯೂನಿಟ್ ಇರುವ ಗಾಳಿ ಸೆಕೆಂಡಿಗೆ 2 ಘನ ಮೀಟರ್ ಹೊರಟರೆ ಸೆಕೆಂಡಿಗೆ 10000 ಯೂನಿಟ್. ಕೊಳಚೆ ನೀರಿಗೆ ಗಾಳಿ ಬೆರೆಸುವ ಏರೇಷನ್ ತೊಟ್ಟಿಯ ಹತ್ತಿರ ನಿಂತರೆ ಅಷ್ಟೇನೂ ನಾತ ಅನ್ನಿಸುವುದಿಲ್ಲ, ಆದರೆ ಅದರ ಹರವು ದೊಡ್ಡದು. ಲೆಕ್ಕ ಹಾಕಿದಾಗ ಒಟ್ಟು ಮೊತ್ತದಲ್ಲಿ ಅದೇ ಮುಂದೆ ಬರುವುದೂ ಉಂಟು.

ಚೀಲಗಳನ್ನು ಬಿಸಿಲು ತಾಗದ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಒಯ್ದೆ. ಯುರೋಪಿನ ಇಎನ್ 13725 ಮಾನದಂಡದ ಪ್ರಕಾರ 30 ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು. ಅಲ್ಲಿ ಅಳೆಯುವುದು ಮನುಷ್ಯರ ಮೂಗೇ, ಕಡೇಪಕ್ಷ ನಾಲ್ಕು ಜನರದು. ಬ್ಯುಟನಾಲ್ ಅನ್ನುವ ರಾಸಾಯನಿಕ ಮೂಸಿಸಿ ಆರಿಸಿದವರು. ಮೂಗು ಮಂದ ಇದ್ದವರು ಬೇಡ, ತೀರಾ ಚುರುಕಿದ್ದವರೂ ಬೇಡ. ಈ ನಿಯಮ ನನಗೆ ತುಂಬಾ ಇಷ್ಟ. ಬೇಕಾಗಿರುವುದು ಸಾಮಾನ್ಯ ಮನುಷ್ಯರ ಅನುಭವ, ಅಲ್ವಾ? ಸೆಂಟ್ ಹಾಕಿಕೊಂಡು ಬರುವಂತಿಲ್ಲ. ಅರ್ಧ ಗಂಟೆ ಮುಂಚಿನಿಂದ ಏನೂ ತಿನ್ನುವಂತಿಲ್ಲ.

ಸ್ಯಾಂಪಲನ್ನು ಶುದ್ಧ ಗಾಳಿಯಲ್ಲಿ ಮೊದಲು ತೀರಾ ತೆಳು ಮಾಡಿ ಕೊಡುತ್ತಾರೆ. ಆಮೇಲೆ ಹಂತಹಂತವಾಗಿ ಗಟ್ಟಿ ಮಾಡುತ್ತಾ ಹೋಗುತ್ತಾರೆ. ವಾಸನೆ ಗೊತ್ತಾದವರು ಗುಂಡಿ ಒತ್ತುತ್ತಾರೆ. ಗುಂಪಿನ ಅರ್ಧ ಜನಕ್ಕೆ ವಾಸನೆ ಗೊತ್ತಾಗುವ ಹಂತ ಯಾವುದೋ ಅದೇ ಅಳತೆ. ಸಾವಿರ ಪಟ್ಟು ತೆಳು ಮಾಡಿದಾಗ ಆ ಹಂತ ಬಂದರೆ ಸಾವಿರ ಯೂನಿಟ್. ಹನ್ನೊಂದು ಗಂಟೆಯ ಹಳೇ ಸ್ಯಾಂಪಲ್‌ಗಳಿಗೆ ಅರ್ಧದಾರಿ ದಾಟಿದ ಮೇಲೆ ಗುಂಡಿ ಒತ್ತಿದ್ದವರು, ಈ ಚೀಲಕ್ಕೆ ಎರಡನೇ ಹಂತದಲ್ಲೇ ಒತ್ತಿದರು. ಒಬ್ಬರು ಮುಖ ಹಿಂದಕ್ಕೆ ಎಳೆದುಕೊಂಡಿದ್ದನ್ನು ಗಾಜಿನ ಆಚೆಯಿಂದ ನೋಡಿದೆ. ಇನ್ನೂ ತೆಳು ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ವರದಿಯಲ್ಲಿ ಪ್ರತಿ ಅಂಕಿಯ ಪಕ್ಕ ಹೊತ್ತನ್ನೂ ಬರೆದೆ. ಘಟಕದವರು ತಕರಾರು ಮಾಡಲಿಲ್ಲ. ಆ ನೀರು ಬಿಡುವುದನ್ನು ಮಧ್ಯಾಹ್ನಕ್ಕೆ ಹಾಕಿದರು. ಪೈಪನ್ನು ನೀರಿನೊಳಗೆ ಮುಳುಗುವಷ್ಟು ಉದ್ದ ಮಾಡಿ, ಧುಮುಕುವುದನ್ನು ನಿಲ್ಲಿಸಿದರು. ಗಸಿಯನ್ನು ಜಾಸ್ತಿ ಹೊತ್ತು ಕೂಡಿಡುವುದನ್ನೂ ಬಿಟ್ಟರು.

ಎರಡು ತಿಂಗಳಾದ ಮೇಲೆ ಆ ಅಮ್ಮನ ಮನೆಗೆ ಹೋದೆ. ಅವರು ಪುಸ್ತಕ ಬರೆಯುವುದನ್ನು ಬಿಟ್ಟಿರಲಿಲ್ಲ. ಹೊಸ ಪುಟದಲ್ಲಿ ಎರಡೇ ಸಾಲು ಇತ್ತು. ಎರಡೂ ಸಂಜೆ ಏಳರ ಮೇಲಿನವು.

"ಇದು ಬೇರೆ ವಾಸನೆ ಕಣಪ್ಪಾ, ಮೊಟ್ಟೆ ಥರ ಅಲ್ಲ" ಅಂದರು.

ಎರಡೂ ತಾರೀಕು, ಹೊತ್ತು ಬರೆದುಕೊಂಡೆ.