ಫೀಸು ಒಂದೇ ನೋಡಿ ಸಲಹೆ ಕೊಟ್ಟಿದ್ದೆ

ಸರಸ್ವತಿಪುರಂನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ ಪಕ್ಕದಲ್ಲೇ ಇರುವುದರಿಂದ ಪಿಎಚ್‌ಡಿ ಥೀಸಿಸ್ ಟೈಪಿಂಗ್, ಬೈಂಡಿಂಗೇ ಹೊಟ್ಟೆಪಾಡು. ನಾನು ಓದಿದ್ದು ಬಿಕಾಂ. ಆದರೆ ರೆಕ್ಸಿನ್ ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿಸಿಕೊಂಡು ಹೋದವರನ್ನೂ ಅರ್ಧಕ್ಕೆ ಬಿಟ್ಟು ನಾಪತ್ತೆಯಾದವರನ್ನೂ ವರ್ಷಗಟ್ಟಲೆ ನೋಡಿದ್ದೇನೆ. ಬಂದವರು ಸಲಹೆ ಕೇಳುತ್ತಾರೆ. ನನಗೂ ಬಾಯಿ ಜಾಸ್ತಿ.

ಒಬ್ಬರು ಕಾಲೇಜು ಮೇಷ್ಟ್ರು ಬಂದಿದ್ದರು. ಜಂಬೂಸವಾರಿ ದಿನದ ಜನಸಂದಣಿ, ಭದ್ರತೆ ಅವರ ವಿಷಯ. ಎರಡು ವಿಶ್ವವಿದ್ಯಾಲಯಗಳ ಫೀಸಿನ ಪಟ್ಟಿ ಮುಂದಿಟ್ಟರು. "ಎಲ್ಲಿ ಕಮ್ಮಿಯೋ ಅಲ್ಲಿಗೆ ಸೇರಿ ಸಾರ್" ಅಂದುಬಿಟ್ಟೆ. ದೂರದ ರಾಜ್ಯದ ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿದರು.

ಪ್ರತಿ ಸೆಮಿಸ್ಟರಿಗೂ ಸಮಿತಿಯ ಮುಂದೆ ಕೆಲಸದ ಪ್ರಗತಿ ತೋರಿಸಬೇಕು. ರೈಲು, ಲಾಡ್ಜ್, ರಜೆ. ಉಳಿಸಿದ ಫೀಸು ಎರಡೇ ವರ್ಷದಲ್ಲಿ ಕರಗಿತು. ಆಮೇಲೆ ಅವರ ಗೈಡ್, ಅಂದರೆ ಸಂಶೋಧನೆಗೆ ದಾರಿ ತೋರಿಸುವ ಪ್ರಾಧ್ಯಾಪಕರು, ಕೆಲಸ ಬಿಟ್ಟು ಹೋದರು. ಹೊಸಬರು ವಿಷಯ ಬದಲಿಸಿ ಅಂದರು. ಅರಮನೆಯಿಂದ ಬನ್ನಿಮಂಟಪದವರೆಗಿನ ನೂಕುನುಗ್ಗಲನ್ನು ನೋಡದವರಿಗೆ ಏನಂತ ಹೇಳುವುದು? ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮೇಷ್ಟ್ರಿಗೆ ಅಷ್ಟು ಉಸಿರು ಉಳಿದಿರಲಿಲ್ಲ. ಅವರ ಮೂರು ಅಧ್ಯಾಯಗಳಿರುವ ಪೆನ್‌ಡ್ರೈವ್ ಈಗಲೂ ನನ್ನ ಡ್ರಾಯರ್‌ನಲ್ಲಿದೆ.

ಹೋದ ವರ್ಷ ಮಂಡ್ಯದ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಕಾವೇರಿ ಗಲಾಟೆ ಹೊತ್ತಿನ ಬಂದೋಬಸ್ತ್ ಬಗ್ಗೆ ಪಿಎಚ್‌ಡಿ ಮಾಡುವ ಆಸೆ. "ಅಣ್ಣ, ಆನ್‌ಲೈನ್‌ನಲ್ಲೇ ಫಾರಿನ್ ಪಿಎಚ್‌ಡಿ ಕೊಡುಸ್ತೀವಿ ಅಂತಾವ್ರೆ" ಎಂದು ಮೊಬೈಲ್ ತೋರಿಸಿದರು. ಇಂಥವು ನಡೆಯುವುದಿಲ್ಲ ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲೇ ಎಚ್ಚರಿಸಿದೆ. ಪಾರ್ಟ್‌ಟೈಮ್‌ಗೆ ಅವಕಾಶ ಉಂಟು, ದೂರಶಿಕ್ಷಣದಲ್ಲಿ ಪಿಎಚ್‌ಡಿ ಇಲ್ಲ. ನಿಯಮ ಪಾಲಿಸಲಿಲ್ಲ ಅಂತ ರಾಜಸ್ಥಾನದ 3 ವಿಶ್ವವಿದ್ಯಾಲಯಗಳಿಗೆ 2025ರಲ್ಲಿ 5 ವರ್ಷ ಪಿಎಚ್‌ಡಿ ಪ್ರವೇಶವನ್ನೇ ಯುಜಿಸಿ ನಿಲ್ಲಿಸಿತು.

ಈ ಸಲ ಫೀಸಿನ ಪಟ್ಟಿ ಮಡಚಿಟ್ಟು ಬೇರೆ ಲೆಕ್ಕ ಹಾಕಿದೆವು. ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಆದರೆ ಪೂರ್ತಿ ಸಮಯ ಅದಕ್ಕೇ ಕೊಡಬೇಕು. ಮನೆ ಸಾಲ ತೀರಿಸುತ್ತಿರುವ ಸಬ್ ಇನ್‌ಸ್ಪೆಕ್ಟರಿಗೆ ಸಂಬಳ ಬಿಡುವುದೇ ದೊಡ್ಡ ಖರ್ಚು ಅಲ್ವಾ? ಭದ್ರತೆಗೇ ಮೀಸಲಾದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ ಇರುವುದು ಗುಜರಾತಿನಲ್ಲಿ. ಶಿವಮೊಗ್ಗದಲ್ಲೂ ಅದರ ಕ್ಯಾಂಪಸ್ ಇದೆ. ಇವರ ಕ್ಷೇತ್ರಕಾರ್ಯವೋ ಪೂರ್ತಿ ಮಂಡ್ಯದಲ್ಲಿ. ಮೈಸೂರಿನಲ್ಲೇ ರಾಜ್ಯಶಾಸ್ತ್ರದ ಗೈಡ್ ಸಿಕ್ಕರೆ ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ.

ಗೈಡ್ ವಯಸ್ಸನ್ನೂ ಕೇಳಿ ಅಂದೆ. ನಿವೃತ್ತಿಗೆ 3 ವರ್ಷಕ್ಕಿಂತ ಕಮ್ಮಿ ಇದ್ದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪ್ರೊಫೆಸರ್ ಆದರೂ ಒಂದು ಹೊತ್ತಿಗೆ 8 ಜನಕ್ಕಷ್ಟೇ ಗೈಡ್ ಆಗಬಹುದು. ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಥೀಸಿಸ್‌ಗಳು ಪುಕ್ಕಟೆ ಸಿಗುತ್ತವೆ. ಆ ಗೈಡ್ ಹೆಸರು ಹಾಕಿ ಹುಡುಕಿದರೆ ಅವರ ಕೈಕೆಳಗೆ ಎಷ್ಟು ಜನ ಮುಗಿಸಿದ್ದಾರೆ ಅಂತ ಒಂದು ಅಂದಾಜು ಸಿಗುತ್ತದೆ.

ಇನ್ನೊಂದು ಮಾತು, ಇದು ಪೂರ್ತಿ ನನ್ನ ಕಸುಬಿನದು. ಕನ್ನಡದಲ್ಲಿ ಬರೆಯುವವರು ಮೊದಲ ದಿನದಿಂದಲೇ, ಯಾವ ಕಂಪ್ಯೂಟರಿಗೂ ಕನ್ನಡವಾಗಿಯೇ ತಿಳಿಯುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ನಮಗೆ "ಕಾವೇರಿ" ಅಂತ ಕಾಣುವುದು ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕೊನೆಗೆ ಪರಿವರ್ತಿಸಲು ಹೋದರೆ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ, ಮಧ್ಯದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಮುನ್ನೂರು ಪುಟ ತಿದ್ದುವುದಕ್ಕೆ ನಾನು ಪುಟದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತೇನೆ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ.

ಮೊನ್ನೆ ಆ ಸಬ್ ಇನ್‌ಸ್ಪೆಕ್ಟರ್ ಮತ್ತೆ ಬಂದರು. ಗೈಡ್ ಒಪ್ಪಿದ್ದಾರಂತೆ. ಇಲಾಖೆಯ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರದ ಕರಡು ಟೈಪ್ ಮಾಡಿಕೊಟ್ಟೆ. ಪಾರ್ಟ್‌ಟೈಮ್ ಓದಲು ಅನುಮತಿ ಇದೆ, ಡ್ಯೂಟಿ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಪಿಎಚ್‌ಡಿಯ ತರಗತಿಗಳಿಗೆ, ಅಂದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ. ಈ ಮೂರೂ ಇರಬೇಕು. ಎರಡು ಪ್ರತಿ ತೆಗೆದೆ. ಬೈಂಡಿಂಗಿಗೆ ಎಷ್ಟಾಗುತ್ತೆ ಅಣ್ಣ ಅಂದರು.

"ಅದು ಆಮೇಲೆ ಸಾರ್, ಮೊದಲು ಇದಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ" ಅಂದೆ.