ಮದ್ದೂರಿನಲ್ಲಿ ಉಳಿದ ಹುಣಸೆಹಣ್ಣು

ಮೈಸೂರಿನಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ಎಂಟು ಮಂದಿ ಹಿರಿಯರಿಗೆ ನಾನು ವಾರಕ್ಕೆ ಎರಡು ದಿನ ಗಮನ ಮತ್ತು ನೆನಪಿನ ತರಬೇತಿ ನಡೆಸುತ್ತಿದ್ದೆ. ಇಳಿವಯಸ್ಸಿನ ಖಿನ್ನತೆ ಬರಿಯ ಬೇಸರವಲ್ಲ. ಗಮನ ನಿಲ್ಲುವುದಿಲ್ಲ, ಯೋಚನೆ ನಿಧಾನವಾಗುತ್ತದೆ, ಮನೆಯವರು ಅದನ್ನು ಮರೆವಿನ ಕಾಯಿಲೆಯೆಂದೇ ತಿಳಿದು ಕರೆತರುವುದೂ ಉಂಟು. ಅಮೆರಿಕದಲ್ಲಿ 2,832 ಹಿರಿಯರೊಂದಿಗೆ ನಡೆದು 2002ರಲ್ಲಿ ಪ್ರಕಟವಾದ, ನೆನಪು ಮತ್ತು ಯೋಚನೆಯ ತರಬೇತಿ ಕುರಿತ ‘ಆ್ಯಕ್ಟಿವ್’ ಅಧ್ಯಯನದಂತೆ ಸಣ್ಣ ಗುಂಪು, ಗಂಟೆಯಷ್ಟು ಹೊತ್ತಿನ ಹತ್ತು ತರಗತಿ ಎಂದು ನಾನೂ ಯೋಜಿಸಿಕೊಂಡಿದ್ದೆ. ಅಲ್ಲಿದ್ದವರನ್ನು ಖಿನ್ನತೆಗಾಗಿ ಆರಿಸಿರಲಿಲ್ಲ ಎಂಬುದನ್ನು ಮಾತ್ರ ಮರೆತಿದ್ದೆ.

ಮೂರನೆಯ ತರಗತಿಯಲ್ಲಿ ಹನ್ನೆರಡು ದಿನಸಿ ಸಾಮಾನುಗಳ ಪಟ್ಟಿಯನ್ನು ಓದಿ, ಯಾರಿಗೆ ಎಷ್ಟು ನೆನಪಿದೆಯೆಂದು ಕರಿಹಲಗೆಯ ಮೇಲೆ ಅಂಕ ಬರೆದೆ. ಬಸ್ ಕಂಡಕ್ಟರಾಗಿ ನಿವೃತ್ತರಾದ ಹಿರಿಯರೊಬ್ಬರ ಹೆಸರಿನ ಮುಂದೆ 3 ಬಿತ್ತು. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, “ನನ್ನ ತಲೆ ಮುಗೀತಮ್ಮ, ಸುಮ್ನೆ ಯಾಕೆ” ಎಂದರು. ಉಳಿದವರ ಬಾಯಿಯೂ ಕಟ್ಟಿತು. ತನ್ನನ್ನೇ ಹಳಿದುಕೊಳ್ಳಲು ಸಾಕ್ಷಿ ಹುಡುಕುತ್ತಿದ್ದ ಮನಸ್ಸಿಗೆ ನಾನೇ ಸೀಮೆಸುಣ್ಣದಲ್ಲಿ ಸಾಕ್ಷಿ ಬರೆದುಕೊಟ್ಟಿದ್ದೆ.

ಅಂಕಗಳನ್ನು ಅಳಿಸಿ, ಮುಂದೇನೆಂದು ತೋಚದೆ ನಿಂತಿದ್ದಾಗ ಪಕ್ಕದಲ್ಲಿದ್ದ ಅಜ್ಜಿ, “ಅಲ್ಲ ಕಂಡಕ್ಟ್ರೇ, ಬೆಂಗಳೂರಿಂದ ಇಲ್ಲಿಗೆ ಯಾವ್ಯಾವ ಸ್ಟಾಪು?” ಎಂದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂದು ಅವರು ಒಂದೇ ಉಸಿರಿಗೆ ಹೇಳಿದರು. ನೆನಪಿಡಬೇಕಾದ್ದನ್ನು ಪರಿಚಿತ ದಾರಿಯ ಜಾಗಗಳಿಗೆ ಅಂಟಿಸುವುದು ಹಳೆಯ ಉಪಾಯ. ನನ್ನ ಯೋಜನೆಯಲ್ಲಿ ಅದು ಏಳನೆಯ ತರಗತಿಗಿತ್ತು. ಆಗಲೇ ಎತ್ತಿಕೊಂಡು, ಪಟ್ಟಿಯನ್ನು ಆರಕ್ಕೆ ಇಳಿಸಿದೆ. ತೊಗರಿಬೇಳೆ ಬಿಡದಿಯಲ್ಲಿ ಹತ್ತಿತು, ಬೆಲ್ಲದ ಅಚ್ಚು ರಾಮನಗರದ ಬಂಡೆಯ ಮೇಲೆ ಕೂತಿತು, ಚನ್ನಪಟ್ಟಣದ ಬೊಂಬೆಯ ಕೈಗೆ ಒಣಮೆಣಸಿನಕಾಯಿ ಬಂತು. ಮದ್ದೂರಿಗೆ ಹುಣಸೆಹಣ್ಣು ಎಂದೊಡನೆ ಅಜ್ಜಿ, “ಅಲ್ಲಿ ವಡೆ ಬಿಟ್ಟು ಬೇರೇನೂ ಹತ್ತಲ್ಲ” ಎಂದು ತಕರಾರು ತೆಗೆದರು. ಕಂಡಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಆರರಲ್ಲಿ ಐದು ಹೇಳಿದರು, ಉಳಿದದ್ದು ಹುಣಸೆಹಣ್ಣು.

ಇದರಿಂದ ಖಿನ್ನತೆ ಹೋಯಿತೆಂದು ನಾನು ಹೇಳಲಾರೆ. ಮಾತ್ರೆ, ಆಪ್ತಸಮಾಲೋಚನೆ ಮುಂದುವರಿದೇ ಇದ್ದವು. ಮುಂದಿನ ವಾರ ಹದಿನೈದು ಪ್ರಶ್ನೆಗಳ ಖಿನ್ನತೆಯ ಮಾಪಕದಲ್ಲಿ, ಬೇರೆಯವರಿಗಿಂತ ನಿಮಗೆ ಮರೆವು ಹೆಚ್ಚೆನ್ನಿಸುತ್ತದೆಯೇ ಎಂಬ ಪ್ರಶ್ನೆಗೆ ಕಂಡಕ್ಟರು ಈ ಸಲವೂ “ಹೌದು” ಎಂದೇ ಬರೆಸಿ, “ಇವತ್ತು ಯಾವ ರೂಟಮ್ಮ?” ಎಂದರು.